ಜ್ವರ ಬಿಟ್ಟ ಮೇಲೂ ಗುಳಿಗೆ ಯಾಕೆ?

ಟಿಬಿ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಮಗುವಿನ ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ. ಆರಾಮಾದ ಕೂಸಿಗೆ ದಿನಾ ಗುಳಿಗೆ ನುಂಗಿಸಿ ಯಾಕೆ ಅಳಿಸಬೇಕು ಎಂದು ಆಗ ತಂದೆ-ತಾಯಿಗೆ ಅನಿಸುವುದು ಸಹಜ. ನಡುವೆ ಎರಡು ದಿನ ಬಿಡುವುದೂ, ಆರು ತಿಂಗಳ ಔಷಧವನ್ನು ನಾಲ್ಕಕ್ಕೇ ಮುಗಿಸುವುದೂ ಮಮತೆಯಿಂದಲೇ. ಆದರೆ ಅಷ್ಟರಲ್ಲಿ ರೋಗಾಣು ಏನು ಮಾಡುತ್ತಿರುತ್ತದೆ ಎಂಬುದನ್ನೂ ನೀವು ತಿಳಿದಿರಬೇಕು.

ಟಿಬಿಯ ರೋಗಾಣು ಮೈಕೋಬ್ಯಾಕ್ಟೀರಿಯಾ ಗುಂಪಿನದು. ಮೇಣದಂಥ ಹೊದಿಕೆ, ಬಹಳ ನಿಧಾನದ ಬೆಳವಣಿಗೆ. ಅದರೊಳಗಿನ ರಾಸಾಯನಿಕ ಕೆಲಸಗಳನ್ನು ನಡೆಸುವ ಪ್ರೋಟೀನುಗಳೇ ಕಿಣ್ವಗಳು. ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ಅದಕ್ಕೆ ಹುಟ್ಟಿನಿಂದಲೇ ಇದೆ. ಅಮಾಕ್ಸಿಸಿಲಿನ್‌ನಂಥ ಔಷಧವನ್ನು ಅದು ಒಡೆದುಹಾಕುತ್ತದೆ. ಹಿಂದಿನ ಕೆಮ್ಮಿಗೆ ತಂದು ಉಳಿದ ಬಾಟಲಿ ಟಿಬಿಗೆ ನಾಟುವುದಿಲ್ಲ, ತಪಾಸಣೆಯನ್ನು ಮಾತ್ರ ಮುಂದೂಡುತ್ತದೆ.

1952ರಿಂದ ಬಳಕೆಯಲ್ಲಿರುವ ಐಸೋನಿಯಾಜಿಡ್‌ನ ಸಂಗತಿ ಇನ್ನೂ ಸೂಕ್ಷ್ಮ. ಅದು ಕಟ್ಟಿಟ್ಟ ಗಂಟು. ರೋಗಾಣುವಿನದೇ ಕ್ಯಾಟ್‌ಜಿ ಎಂಬ ಕಿಣ್ವ ಆ ಗಂಟು ಬಿಚ್ಚಿದಾಗಲೇ ಔಷಧಕ್ಕೆ ಕೊಲ್ಲುವ ಶಕ್ತಿ ಬರುತ್ತದೆ. ಈ ಕಿಣ್ವದ 315ನೇ ಸ್ಥಾನದಲ್ಲಿ ಒಂದೇ ಅಮೈನೋ ಆಮ್ಲ ಬದಲಾದರೆ ಸಾಕು, ಗಂಟು ಬಿಚ್ಚದು. ಹಾಗಿದ್ದೂ ರೋಗಾಣುವನ್ನು ಕಾಯುವ ಕಿಣ್ವದ ಮೂಲ ಕೆಲಸ ಬಹುಮಟ್ಟಿಗೆ ಉಳಿದಿರುತ್ತದೆ; ಈ ಬದಲಾವಣೆ ಜಗತ್ತಿನಲ್ಲಿ ಇಷ್ಟು ಹರಡಲು ಅದೇ ಕಾರಣ. ಇಂಥ ರೋಗಾಣುವನ್ನು ಔಷಧ ಹುಟ್ಟಿಸುವುದಿಲ್ಲ, ಲಕ್ಷಾಂತರ ರೋಗಾಣುಗಳ ನಡುವೆ ಅದು ತಾನಾಗಿ ಮೂಡಿರುತ್ತದೆ. ಜೊತೆಗೆ ಕೊಡುವ ರಿಫಾಂಪಿಸಿನ್ ಬೇರೊಂದು ಕಿಣ್ವವನ್ನು ಹಿಡಿದು ಆ ರೋಗಾಣುವನ್ನು ಮುಗಿಸಬೇಕು. ಗುಳಿಗೆ ತಪ್ಪುತ್ತ ಹೋದರೆ ಅದು ಉಳಿದು ಬೆಳೆಯುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮಕ್ಕಳ ಮೈಯಲ್ಲಿ ಟಿಬಿ ರೋಗಾಣುಗಳ ಸಂಖ್ಯೆ ಸಾಮಾನ್ಯವಾಗಿ ಕಡಿಮೆ. ಔಷಧಕ್ಕೆ ಬಗ್ಗದ ಟಿಬಿ ಅವರಿಗೆ ಬರುವುದು ಹೆಚ್ಚಾಗಿ ದೊಡ್ಡವರ ಕೆಮ್ಮಿನಿಂದ. ಅಜ್ಜ ಅರ್ಧಕ್ಕೆ ಬಿಟ್ಟ ಗುಳಿಗೆಗೆ ಮೊಮ್ಮಗಳು ಬೆಲೆ ತೆರಬೇಕಾದೀತು. ಮಗುವಿಗೆ ಔಷಧ ಕೊಡುವಾಗ ಮನೆಯ ಹಿರಿಯರು ತಮ್ಮದನ್ನು ತೆಗೆದುಕೊಂಡರೇ ಎಂದೂ ಕೇಳಿ.

ಹುಬ್ಬಳ್ಳಿಯ ನವನಗರದವರಿಗೆ, ಕಿಮ್ಸ್ ಎಂದೇ ಜನ ಕರೆಯುವ ಆಸ್ಪತ್ರೆ ಚಿಗರಿ ಬಸ್ಸಿನ ದಾರಿಯಲ್ಲೇ ಇದೆ. ರಿಫಾಂಪಿಸಿನ್ ನಾಟುತ್ತದೆಯೇ ಎಂದು ತಿಳಿಸುವ ಟ್ರೂನಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆಯ ಬಗ್ಗೆ ಮೊದಲೇ ವಿಚಾರಿಸಿ. ಚಿಕ್ಕವರಿಗೆ ನೀರಿನಲ್ಲಿ ಕರಗುವ ಗುಳಿಗೆಗಳಿವೆ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್‌ನ ಬಣ್ಣ. ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಅಂದೇ ವೈದ್ಯರಿಗೆ ತೋರಿಸಿ. ಮುಂದಿನ ಗುಳಿಗೆಯ ತೀರ್ಮಾನ ಅಲ್ಲಿಯೇ ಆಗಲಿ.