ಏಳೂವರೆ ಎಂದರೆ ಏಳೂವರೆಯೇ

ಆರತಕ್ಷತೆಗೆ ಆರೂವರೆ ಎಂದು ಕರೆದರೆ ನಾವು ಎಂಟಕ್ಕೆ ಹೋಗುತ್ತೇವೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆ ಅಭ್ಯಾಸವನ್ನು ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರಕ್ಕೆ ಮಾತ್ರ ತರಬೇಡಿ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ, 2004ರಲ್ಲಿ ಶುರುವಾದ ಈ ರಂಗಮಂದಿರ ಒಂದು ವಿಷಯದಲ್ಲಿ ಬಲು ಕಟ್ಟುನಿಟ್ಟು: ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಟಿಕೆಟ್ ಕೈಯಲ್ಲಿದ್ದರೂ ಅಷ್ಟೆ, ನೀವು ನಟನ ಚಿಕ್ಕಪ್ಪನಾದರೂ ಅಷ್ಟೆ.

‘ಟ್ರಾಫಿಕ್ ಇತ್ತು ಸಾರ್’ ಎಂದರೆ ನಡೆಯದು. ಈ ಊರಲ್ಲಿ ಟ್ರಾಫಿಕ್ ಇಲ್ಲದ ಸಂಜೆ ಯಾವುದಿದೆ ಹೇಳಿ? ಏಳೂವರೆಯ ಆಟಕ್ಕೆ ಏಳಕ್ಕೇ ತಲುಪುವಂತೆ ಹೊರಡಿ. ಬೇಗ ಬಂದರೆ ನಷ್ಟವಿಲ್ಲ, ಅಲ್ಲೇ ಕೆಫೆಯಿದೆ. ಹೊಟ್ಟೆಯ ಕೆಲಸವನ್ನು ಅಲ್ಲೇ ಮುಗಿಸಿ ಒಳಗೆ ಹೋಗಿ. ಭಾನುವಾರ ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆಗೂ ಒಂದು ಆಟವಿರುತ್ತದೆ. ನಿಮ್ಮ ಟಿಕೆಟ್ ಯಾವುದಕ್ಕೆ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಇನ್ನೊಂದು ಮಾತು. ನಾಟಕದ ಹೆಸರು ನೋಡಿ ಟಿಕೆಟ್ ಕೊಳ್ಳುವವರು ಭಾಷೆ ನೋಡುವುದನ್ನೇ ಮರೆಯುತ್ತಾರೆ. ಅಲ್ಲಿ ಕನ್ನಡದ ಜೊತೆಗೆ ಹಿಂದಿ, ಇಂಗ್ಲಿಷ್, ಮರಾಠಿ ನಾಟಕಗಳೂ ನಡೆಯುತ್ತವೆ. ಪಾಪ, ಅಜ್ಜಿಯನ್ನು ಕರೆದೊಯ್ದು ಎರಡು ಗಂಟೆ ಮಿಕಮಿಕ ನೋಡುವಂತೆ ಮಾಡಬೇಡಿ. ಮಕ್ಕಳಿದ್ದರೆ ವಯಸ್ಸಿನ ಮಿತಿಯನ್ನೂ ಮೊದಲೇ ವಿಚಾರಿಸಿ.

ಫೋನು? ಸೈಲೆಂಟ್ ಸಾಲದು, ಪೂರ್ತಿ ಆಫ್ ಮಾಡಿ. ಮೂರು ಕಡೆಯೂ ಪ್ರೇಕ್ಷಕರು ಕೂರುವ ರಂಗ ಅದು. ನಿಮ್ಮ ಮಡಿಲಲ್ಲಿ ಬೆಳಗುವ ಪರದೆ ಎದುರು ಸಾಲಿನವರಿಗೂ ಕಾಣುತ್ತದೆ, ನಟರಿಗೂ ಕಾಣುತ್ತದೆ.