ಸುಟ್ಟ ಗಾಯಕ್ಕೆ ಮೀನಿನ ಚರ್ಮ: ತಿಳಿಯಬೇಕಾದ್ದು, ಮಾಡಬಾರದ್ದು



ಬೇಸಿಗೆಯಲ್ಲಿ ಹುಲ್ಲಿನ ಬಣವೆಗೆ ಕಿಡಿ ತಗುಲಿ ಬೆಂಕಿ ಕೊಟ್ಟಿಗೆಗೆ ಹಬ್ಬುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಕಟ್ಟಿಹಾಕಿದ ರಾಸು ಓಡಿಹೋಗಲಾರದು. ಹಗ್ಗ ಬಿಚ್ಚುವಷ್ಟರಲ್ಲಿ ಬೆನ್ನು, ಕಿವಿ, ಕೆಚ್ಚಲು ಸುಟ್ಟಿರುತ್ತವೆ. ಆಗ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಸವರುವವರೇ ಹೆಚ್ಚು. ಈಗ ಇದಕ್ಕೆ ಇನ್ನೊಂದು ಸೇರುವ ಸಂಭವವಿದೆ. ಸುಟ್ಟ ಗಾಯಕ್ಕೆ ಮೀನಿನ ಚರ್ಮ ಹೊದಿಸಿದರೆ ಬೇಗ ಮಾಯುತ್ತದೆ ಎಂಬ ಸುದ್ದಿಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಸುದ್ದಿ ಸುಳ್ಳಲ್ಲ. ಆದರೆ ಅರ್ಧ ಕೇಳಿ ಕೈಹಚ್ಚಿದರೆ ರಾಸನ್ನೇ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಪೂರ್ತಿ ವಿಷಯ ತಿಳಿಯೋಣ.

ಆರಂಭವಾದದ್ದು ಎಲ್ಲಿ?

ಸುಟ್ಟಗಾಯಕ್ಕೆ ಶುಚಿಯಾದ ಹೊದಿಕೆ ಬೇಕು. ಶ್ರೀಮಂತ ದೇಶಗಳಲ್ಲಿ ಇದಕ್ಕೆ ದಾನವಾಗಿ ಬಂದ ಮನುಷ್ಯರ ಚರ್ಮವನ್ನೂ ಹಂದಿಯ ಚರ್ಮವನ್ನೂ ಬಳಸುತ್ತಾರೆ. ಬ್ರೆಜಿಲ್ ದೇಶದಲ್ಲಿ ಇಂಥ ಚರ್ಮಕ್ಕೆ ಬಹಳ ಕೊರತೆಯಿತ್ತು. ಆದರೆ ಅಲ್ಲಿ ಟಿಲಾಪಿಯ ಮೀನಿನ ಸಾಕಣೆ ದೊಡ್ಡ ಪ್ರಮಾಣದಲ್ಲಿದೆ. ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನು ಎಂದು ಕರೆಯುವುದು ಇದನ್ನೇ. ಮಾಂಸ ಬಿಡಿಸಿದ ಮೇಲೆ ಅದರ ಚರ್ಮ ಬಹುಪಾಲು ಕಸಕ್ಕೆ ಹೋಗುತ್ತಿತ್ತು. ಫೋರ್ಟಲೇಜಾ ನಗರದಲ್ಲಿ ಡಾ. ಎಡ್ಮಾರ್ ಮಾಸಿಯೆಲ್ ಮತ್ತು ಸಿಯಾರಾ ಫೆಡರಲ್ ವಿಶ್ವವಿದ್ಯಾಲಯದ ಸಂಶೋಧಕರು ಈ ಚರ್ಮವನ್ನು ಶುದ್ಧಗೊಳಿಸಿ, ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಿ, ಆಮೇಲೆ ಸುಟ್ಟಗಾಯದ ರೋಗಿಗಳಿಗೆ ಬಳಸಿದರು.

ಐಸ್‌ಲ್ಯಾಂಡಿನ ಕೆರೆಸಿಸ್ ಎಂಬ ಸಂಸ್ಥೆ ಕಾಡ್ ಎಂಬ ಸಮುದ್ರದ ಮೀನಿನ ಚರ್ಮದಿಂದ ಇಂಥದ್ದೇ ಹೊದಿಕೆ ತಯಾರಿಸುತ್ತದೆ. ಅದಕ್ಕೆ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ದೊರೆಯಿತು.

ಚರ್ಮ ಮಾಡುವ ಕೆಲಸ

ಮೀನಿನ ಚರ್ಮದಲ್ಲಿ ಕೊಲಾಜೆನ್ ಎಂಬ ಪ್ರೋಟೀನು ಹೇರಳವಾಗಿದೆ. ನಮ್ಮ ಚರ್ಮಕ್ಕೂ ದನದ ಚರ್ಮಕ್ಕೂ ಗಟ್ಟಿತನ ಕೊಡುವುದು ಇದೇ. ಶುದ್ಧಗೊಳಿಸಿದ ಚರ್ಮ ಗಾಯಕ್ಕೆ ಅಂಟಿಕೊಂಡು ಮೂರು ಕೆಲಸ ಮಾಡುತ್ತದೆ. ಗಾಯದ ತೇವ ಆರದಂತೆ ತಡೆಯುತ್ತದೆ. ಹೊರಗಿನ ರೋಗಾಣು ಒಳಹೋಗದಂತೆ ಕಾಯುತ್ತದೆ. ಬರಿದಾದ ನರಗಳಿಗೆ ಗಾಳಿ ತಾಗದಂತೆ ಮುಚ್ಚಿ ನೋವು ಕಡಿಮೆ ಮಾಡುತ್ತದೆ.

ಸಾಮಾನ್ಯ ಚಿಕಿತ್ಸೆಯಲ್ಲಿ ಮುಲಾಮು ಹಚ್ಚಿ ಬಟ್ಟೆ ಸುತ್ತಿ, ಅದನ್ನು ಮತ್ತೆ ಮತ್ತೆ ಬದಲಿಸಬೇಕು. ಪ್ರತಿ ಸಲ ಬಿಚ್ಚುವಾಗಲೂ ನೋವು. ಮೀನಿನ ಚರ್ಮವನ್ನು ಹಲವು ದಿನ ಹಾಗೆಯೇ ಬಿಡಬಹುದು. ಇದರ ದೊಡ್ಡ ಲಾಭ ಇದೇ. ಆದರೆ ಚರ್ಮದ ಪೂರ್ಣ ದಪ್ಪ ಸುಟ್ಟುಹೋಗಿದ್ದರೆ ಇದೊಂದರಿಂದಲೇ ವಾಸಿಯಾಗದು. ಅಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಕರಡಿಗಳಿಗೂ ಚಿಕಿತ್ಸೆ

ಇದನ್ನು ಪ್ರಾಣಿಗಳಿಗೂ ಬಳಸಿದ್ದಾರೆ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಎದ್ದು 2.8 ಲಕ್ಷ ಎಕರೆಗೂ ಹೆಚ್ಚು ಪ್ರದೇಶ ಸುಟ್ಟಿತು. ಎರಡು ಹೆಣ್ಣು ಕರಡಿಗಳ ಅಂಗಾಲು ಬೆಂದುಹೋಗಿತ್ತು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶು ವೈದ್ಯೆ ಡಾ. ಜೇಮಿ ಪೇಟನ್ ಮತ್ತು ಅಲ್ಲಿಯ ವನ್ಯಜೀವಿ ಇಲಾಖೆಯವರು ಶುದ್ಧಗೊಳಿಸಿದ ಟಿಲಾಪಿಯ ಚರ್ಮವನ್ನು ಅಂಗಾಲಿಗೆ ಹೊಲಿದು, ಮೇಲೆ ಅಕ್ಕಿಯ ಹಾಳೆ ಮತ್ತು ಜೋಳದ ತೆನೆಯ ಸಿಪ್ಪೆ ಸುತ್ತಿದರು. ಕರಡಿ ಕಚ್ಚಿ ನುಂಗಿದರೂ ಕರುಳಿಗೆ ತೊಂದರೆಯಾಗದಿರಲಿ ಎಂಬ ಎಚ್ಚರಿಕೆಯಿದು. 2018ರ ಜನವರಿಯಲ್ಲಿ ಎರಡನ್ನೂ ಕಾಡಿಗೆ ಬಿಟ್ಟರು.

ಸಂತೆಯ ಮೀನು ಬೇಡ

ಇಷ್ಟು ಓದಿ, "ಹಾಗಾದರೆ ಮೀನು ತಂದು ಚರ್ಮ ಸುಲಿದು ಕಟ್ಟೋಣ" ಎಂದುಕೊಳ್ಳಬೇಡಿ. ಆಸ್ಪತ್ರೆಯ ಚರ್ಮದಲ್ಲಿ ಹುರುಪೆ, ಮಾಂಸ ಏನೂ ಇರುವುದಿಲ್ಲ. ಅದನ್ನು ರೋಗಾಣುನಾಶಕದಲ್ಲಿ ತೊಳೆದು, ಗ್ಲಿಸರಿನ್‌ನಲ್ಲಿಟ್ಟು, ವಿಕಿರಣ ಹಾಯಿಸಿ, ಮುಚ್ಚಿದ ಚೀಲದಲ್ಲಿ ತಣ್ಣಗೆ ಕಾದಿಟ್ಟಿರುತ್ತಾರೆ. ಸಂತೆಯ ಮೀನಿನ ಮೇಲೆ ಲೆಕ್ಕವಿಲ್ಲದಷ್ಟು ರೋಗಾಣುಗಳಿರುತ್ತವೆ. ಅದನ್ನು ಹಸಿ ಗಾಯಕ್ಕೆ ಕಟ್ಟಿದರೆ ಕೀವು ತುಂಬುತ್ತದೆ, ನೊಣ ಮುತ್ತಿ ಹುಳು ಬೀಳುತ್ತದೆ, ನಂಜು ರಕ್ತಕ್ಕೇರಿ ರಾಸು ಸಾಯಬಹುದು. ಗಾಯವನ್ನು ಕಾಯುವುದು ಮೀನಲ್ಲ, ಶುಚಿಯಾದ ಹೊದಿಕೆ. ಈ ಪಾಠದ ತಿರುಳು ಇಷ್ಟೇ.

ನಿಮ್ಮ ಕೊಟ್ಟಿಗೆಯಲ್ಲಿ ನೀವು ಮಾಡಬೇಕಾದ್ದು

1. ಮೊದಲು ಹಗ್ಗ ಬಿಚ್ಚಿ ಅಥವಾ ಕತ್ತರಿಸಿ ರಾಸನ್ನು ಹೊರಗೆ ತನ್ನಿ. ನೆರಳಿನಲ್ಲಿ ಕಟ್ಟಿ.

2. ಸುಟ್ಟ ಜಾಗದ ಮೇಲೆ ಶುದ್ಧವಾದ ತಣ್ಣೀರನ್ನು ನಿಧಾನವಾಗಿ 20 ನಿಮಿಷ ಸುರಿಯಿರಿ. ಉಜ್ಜಬೇಡಿ. ಮಂಜುಗಡ್ಡೆ ಇಡಬೇಡಿ. ಕರುವಾದರೆ ಚಳಿ ಹಿಡಿಯದಂತೆ ಉಳಿದ ಮೈಗೆ ಒಣ ಗೋಣಿ ಹೊದಿಸಿ.

3. ತುಪ್ಪ, ಎಣ್ಣೆ, ಸೀಮೆಎಣ್ಣೆ, ಶಾಯಿ, ಬೂದಿ, ಸಗಣಿ ಯಾವುದನ್ನೂ ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ.

4. ಒಗೆದ ಹತ್ತಿ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಅದ್ದಿ ಸಡಿಲವಾಗಿ ಹೊದಿಸಿ. ರಾಸು ಗಾಯ ನೆಕ್ಕದಂತೆ ನೋಡಿಕೊಳ್ಳಿ.

5. ಕೂಡಲೇ ಪಶು ವೈದ್ಯರಿಗೆ ತಿಳಿಸಿ. ಕೂದಲಿನ ಕೆಳಗೆ ಸುಟ್ಟದ್ದು ಮೊದಲ ದಿನ ಪೂರ್ತಿ ಕಾಣುವುದಿಲ್ಲ. ಮೇಲೆ ಗಾಯವಿಲ್ಲದಿದ್ದರೂ ಕೆಮ್ಮು, ಏದುಸಿರು ಇದ್ದರೆ ಹೊಗೆ ಶ್ವಾಸಕೋಶಕ್ಕೆ ಹೋಗಿದೆಯೆಂದು ತಿಳಿದು ವೈದ್ಯರಿಗೆ ಹೇಳಿ.

6. ಕೆಚ್ಚಲು, ಮೊಲೆತೊಟ್ಟು ಸುಟ್ಟಿದ್ದರೆ ಹಾಲು ಒಳಗೇ ನಿಂತು ಕೆಚ್ಚಲು ಬಾವು ಬರಬಹುದು. ಹಾಲು ತೆಗೆಯುವ ಬಗೆಯನ್ನು ವೈದ್ಯರಿಂದಲೇ ಕೇಳಿಕೊಳ್ಳಿ.

7. ಚಿಕಿತ್ಸೆಗೆ ರೋಗನಿರೋಧಕ ಚುಚ್ಚುಮದ್ದು ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ರಾಸಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಒಬ್ಬರ ಹಾಲಿನಿಂದ ಇಡೀ ಕ್ಯಾನು ಕೆಡುತ್ತದೆ.

8. ವಿಮೆಯಿದ್ದರೆ ತಡಮಾಡದೆ ಕಂಪನಿಗೆ ತಿಳಿಸಿ. ಕಿವಿಯೋಲೆ ಕಳೆಯಬೇಡಿ.

ಮನೆಯಲ್ಲಿ ಮಗುವಿನ ಮೇಲೆ ಕಾದ ಹಾಲು ಚೆಲ್ಲಿದಾಗಲೂ ಮೊದಲ ಕೆಲಸ ಇದೇ: 20 ನಿಮಿಷ ತಣ್ಣೀರು, ಶುಚಿಯಾದ ಬಟ್ಟೆ, ತಕ್ಷಣ ಆಸ್ಪತ್ರೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಬಣವೆಯನ್ನು ಕೊಟ್ಟಿಗೆಯಿಂದ ದೂರ ಒಟ್ಟಿ. ಸೊಳ್ಳೆಗೆ ಹಾಕಿದ ಹೊಗೆಯನ್ನು ಮಲಗುವ ಮುಂಚೆ ಆರಿಸಿ. ಹಳೆಯ ವಿದ್ಯುತ್ ತಂತಿ ಬದಲಿಸಿ. ಒಂದು ತೊಟ್ಟಿ ನೀರು, ಒಂದು ಕುಡುಗೋಲು, ಒಗೆದು ಮಡಿಸಿಟ್ಟ ಎರಡು ಹಳೆಯ ಪಂಚೆ ಸದಾ ಕೊಟ್ಟಿಗೆಯ ಹತ್ತಿರ ಇರಲಿ. ಈ ಅಂಶಗಳನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಓದಿ ಹೇಳಿ. ಓದಲು ಬಾರದ ಸದಸ್ಯರಿಗೂ ತಿಳಿಯಲಿ.