ನುಣುಪು ಮತ್ತು ಉಸಿರು

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕುಂದಾಪುರದ ಬಳಿ ಪಂಚಗಂಗಾವಳಿಯು ಕಡಲನ್ನು ಸೇರುವ ಗಂಗೊಳ್ಳಿಯಲ್ಲಿ ಆಗ ದೋಣಿಗಳಿಗೆ ವಿಶ್ರಾಂತಿ. ಅವುಗಳನ್ನು ದುರಸ್ತಿ ಮಾಡುವವರಿಗೆ ಕೈತುಂಬ ಕೆಲಸ. ಹಳೆಯ ಬಣ್ಣವನ್ನು ಕೆರೆದು, ದೋಣಿಯ ಮೈಯನ್ನು ಉಜ್ಜಿ, ಹೊಸ ಬಣ್ಣ ಬಳಿಯಬೇಕು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಬಾಗಿಲು, ಮಂಚಗಳನ್ನು ಮಾಡುವ ಆಚಾರಿಗಳಿಗೂ ಉಜ್ಜುವ ಕೆಲಸ ತಪ್ಪಿದ್ದಲ್ಲ. ವಸ್ತುವಿಗೆ ಅಂದ ಬರುವುದು ಅದರಿಂದಲೇ.

ಹಿಂದೆ ಗರಗತ್ತಿ ಮರದ ಒರಟಾದ ಎಲೆಯಿಂದ ಮರವನ್ನು ನಯಗೊಳಿಸುತ್ತಿದ್ದರು. ಆ ಸ್ಥಾನಕ್ಕೆ ಉಪ್ಪುಕಾಗದ ಬಂದಿತು. ಹೆಸರು ಉಪ್ಪುಕಾಗದವಾದರೂ ಅದರಲ್ಲಿ ಉಪ್ಪಿಲ್ಲ. ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡಿನ ಗಡಸು ಕಣಗಳನ್ನು ಅಂಟಿಸಿರುತ್ತಾರೆ. ಕಾಗದದ ಬೆನ್ನ ಮೇಲಿನ ಅಂಕೆ ಕಣದ ಗಾತ್ರವನ್ನು ಸೂಚಿಸುತ್ತದೆ. ಅಂಕೆ ಹೆಚ್ಚಿದಂತೆ ಕಣ ಸಣ್ಣದಾಗುತ್ತದೆ. ಹಳೆಯ ಬಣ್ಣವನ್ನೂ ಉಳಿಯ ಗುರುತುಗಳನ್ನೂ ತೆಗೆಯಲು 60 ಅಥವಾ 80, ಬಳಿಕ 120, ಅನಂತರ 180, ವಾರ್ನಿಷಿಗೆ ಮೊದಲು 220 - ಇದು ತಕ್ಕ ಕ್ರಮ. 80ರಿಂದ ಒಮ್ಮೆಲೇ 220ಕ್ಕೆ ಹಾರಿದರೆ ಮೊದಲಿನ ಗೀರುಗಳು ಉಳಿದು, ವಾರ್ನಿಷ್ ಬಳಿದ ಮೇಲೆ ಎದ್ದು ಕಾಣುತ್ತವೆ. ಬರಿಯ ಮರವನ್ನು ಅದರ ಎಳೆಯ ಗುಂಟ ಉಜ್ಜಬೇಕು. ಬಣ್ಣದ ಲೇಪವನ್ನು ನಯಗೊಳಿಸಲು ನೀರಿನಲ್ಲಿ ನೆನೆಸಿ ಬಳಸುವ ಕಾಗದ ಮೇಲು. ಆಗ ಧೂಳೂ ಏಳದು.

ಈಗ ಅನೇಕ ಕಡೆ ಗಾಳಿಯಿಂದ ನಡೆಯುವ ಸ್ಯಾಂಡರ್ ಬಂದಿದೆ. ಕಂಪ್ರೆಸರಿನಲ್ಲಿ ಒತ್ತಿಹಿಡಿದ ಗಾಳಿ ಕೊಳವೆಯ ಮೂಲಕ ಬಂದು ಕಾಗದ ಕಚ್ಚಿದ ಬಿಲ್ಲೆಯನ್ನು ತಿರುಗಿಸುತ್ತದೆ. ಕೈಯಲ್ಲಿರುವ ಯಂತ್ರದಲ್ಲಿ ವಿದ್ಯುತ್ತಿಲ್ಲದಿರುವುದು ನಮ್ಮ ಮಳೆನಾಡಿಗೆ ದೊಡ್ಡ ಅನುಕೂಲ. ಸಾಮಾನ್ಯವಾಗಿ ಇದಕ್ಕೆ ಬೇಕಾದ ಒತ್ತಡ ಚದರ ಅಂಗುಲಕ್ಕೆ 90 ಪೌಂಡಿನಷ್ಟು. ಯಂತ್ರದ ಮೇಲೆ ನಮೂದಿಸಿದ ಮಿತಿಯನ್ನು ಮೀರಕೂಡದು. ಕಡಲ ತೀರದ ಗಾಳಿಯಲ್ಲಿ ತೇವ ಹೆಚ್ಚು. ಅದು ತೊಟ್ಟಿಯಲ್ಲಿ ನೀರಾಗಿ ನಿಂತು ತುಕ್ಕು ಹಿಡಿಸುವುದರಿಂದ ದಿನವೂ ಬಸಿದು ಬಿಡಬೇಕು. ಕಾಗದ ಬದಲಿಸುವ ಮೊದಲು ಗಾಳಿಯ ಕೊಳವೆಯನ್ನು ಕಳಚಬೇಕು. ಕೊರಳಲ್ಲಿ ಜೋಲುವ ಬೈರಾಸು, ಸಡಿಲವಾದ ತೋಳು ಸಲ್ಲವು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಅಗತ್ಯ. ಯಂತ್ರವನ್ನು ಬಲವಾಗಿ ಅದುಮಬೇಕಾಗಿಲ್ಲ. ಅದರ ಭಾರವೇ ಸಾಕು.

ಆದರೆ ಇವೆಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದು. ಕಾಣುವ ಧೂಳು ನೆಲಕ್ಕೆ ಬೀಳುತ್ತದೆ. ಕಾಣದಷ್ಟು ಸಣ್ಣ ಧೂಳು ಉಸಿರಿನೊಡನೆ ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಪ್ರಕಟಿಸಿತು. ಫೈಬರ್ ದೋಣಿಯ ಧೂಳಿನಲ್ಲಿ ಗಾಜಿನ ಎಳೆಗಳ ಚೂರುಗಳಿರುತ್ತವೆ. ಚಿಪ್ಪುಜೀವಿಗಳು ಅಂಟದಂತೆ ದೋಣಿಯ ತಳಕ್ಕೆ ಬಳಿಯುವ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರದ ಸಂಯುಕ್ತಗಳಿರುತ್ತವೆ. ಮೂಗಿಗೆ ಸುತ್ತಿದ ಬೈರಾಸು ಇವನ್ನು ತಡೆಯಲಾರದು. ಮುಖಕ್ಕೆ ಬಿಗಿಯಾಗಿ ಕೂರುವ, ಸಣ್ಣ ಧೂಳನ್ನು ಸೋಸುವ ಮುಖಗವಸು ಬೇಕು. ಧೂಳನ್ನು ಹೀರುವ ಚೀಲವನ್ನು ಯಂತ್ರಕ್ಕೆ ಜೋಡಿಸಬೇಕು. ಕೆಲಸ ಮುಗಿದಾಗ ಮೈಬಟ್ಟೆಯ ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದಿಕೊಳ್ಳುವುದು ಬಹಳ ಕೆಟ್ಟ ಅಭ್ಯಾಸ. ಧೂಳು ಮತ್ತೆ ಮೇಲೇಳುವುದಲ್ಲದೆ, ಆ ಗಾಳಿಯ ರಭಸ ಕಣ್ಣು ಕಿವಿಗಳನ್ನು ಕೆಡಿಸಬಲ್ಲದು.

ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ದುಡಿಮೆಯನ್ನು ಗೌರವಿಸಿದರು. ಕೈಯ ಕೆಸರನ್ನು ನೀರು ತೊಳೆಯುತ್ತದೆ. ಎದೆಯೊಳಗೆ ಇಳಿದ ಧೂಳನ್ನು ತೊಳೆಯುವ ನೀರಿಲ್ಲ. ನಾವು ಕೈಯಾಡಿಸಿ ಮೆಚ್ಚುವ ಬಾಗಿಲಿನ ನುಣುಪಿಗಾಗಿ ಒಬ್ಬನ ಉಸಿರು ಸವೆಯಬಾರದು. ಮುಖಗವಸನ್ನು ತೊಡುವುದು ಕೆಲಸಗಾರನ ಹೊಣೆ. ಅದನ್ನು ಒದಗಿಸುವುದು ಕೆಲಸ ಕೊಟ್ಟವನ ಹೊಣೆ.